ದತ್ತು ಮಗುವಿಗೆ ಸಾಲ ಕೇಳಲು ಬಂದವರು

ಕಳೆದ ಕೊಯ್ಲಿನ ಕಾಲದಲ್ಲಿ ಒಂದು ಸಂಜೆ ಸಂಘದ ಕಛೇರಿಯ ಬಾಗಿಲು ಹಾಕುವ ಹೊತ್ತಿಗೆ, ಮಾರಿಕಣಿವೆಯ ಕೆಳಗಿನ ಅಚ್ಚುಕಟ್ಟಿನ ಸದಸ್ಯರೊಬ್ಬರು ಪತ್ನೀಸಮೇತರಾಗಿ ಬಂದು ಬೆಂಚಿನ ಮೇಲೆ ಕುಳಿತರು. ಎರಡೂಕಾಲು ಎಕರೆ ಅಡಿಕೆ, ಬದುವಿನ ಸಾಲಿನಲ್ಲಿ ಒಂದಷ್ಟು ತೆಂಗು, ಒಂದು ತೆರೆದ ಬಾವಿ, ಒಂದು ಬೋರು. ಸಾಲದ ಕಂತು ತಪ್ಪಿಸಿದವರಲ್ಲ. ಮೂರು ಲಕ್ಷ ರೂಪಾಯಿ ಬೇಕಾಗಿದೆ, ಮುಂದಿನ ವರ್ಷದ ಫಸಲನ್ನು ಈಗಲೇ ಖೇಣಿಗೆ ಬರೆದುಕೊಟ್ಟರೂ ಸರಿಯೇ ಎಂದರು. ನಮ್ಮ ಕಡೆ ಅಷ್ಟು ದೊಡ್ಡ ಮೊತ್ತ ಕೇಳಿದವರನ್ನು ಎಲ್ಲರೂ ಕೇಳುವ ಪ್ರಶ್ನೆ ಒಂದೇ. ನಾವೂ ಅದನ್ನೇ ಕೇಳಿದೆವು: "ಇನ್ನೊಂದು ಬೋರು ಕೊರೆಸುತ್ತೀರೇನಪ್ಪಾ?"

ಯಜಮಾನರು ನೆಲ ನೋಡಿದರು. ಆಕೆಯೇ ಹೇಳಿದರು: "ಬೋರಿಗಲ್ಲ ಸ್ವಾಮಿ, ಒಂದು ಕೂಸಿಗೆ."

ಮದುವೆಯಾಗಿ ಹದಿನೇಳು ವರ್ಷ. ದಾವಣಗೆರೆ, ಬೆಂಗಳೂರು ಎಂದು ಆಸ್ಪತ್ರೆಗಳನ್ನು ಸುತ್ತಿದ್ದಾಯಿತು, ಹರಕೆಗಳನ್ನು ಹೊತ್ತದ್ದಾಯಿತು. ಕೆರೆಗಳೆಲ್ಲ ಒಣಗಿ ತೋಟಗಳಿಗೆ ಟ್ಯಾಂಕರಿನಲ್ಲಿ ನೀರು ಹೊಯ್ದ ವರ್ಷಗಳಲ್ಲಿ ಆಕೆಯ ಮೈಮೇಲಿನ ಒಡವೆಯೂ ಹೋಗಿತ್ತು. ಈಗ ಪೇಟೆಯ ಪರಿಚಯಸ್ಥನೊಬ್ಬ ಮಾತು ಕೊಟ್ಟಿದ್ದನಂತೆ: ಮುಂದಿನ ತಿಂಗಳು ಬಡ ಹೆಂಗಸೊಬ್ಬಳಿಗೆ ಹೆರಿಗೆ, ಕೂಸು ಹುಟ್ಟಿದ ದಿನವೇ ಕೈಗೆ ಕೊಡಿಸುತ್ತೇನೆ, ಆಸ್ಪತ್ರೆಯ ಕಾಗದದಲ್ಲಿ ಹೆತ್ತವರೆಂದು ನಿಮ್ಮಿಬ್ಬರ ಹೆಸರನ್ನೇ ಬರೆಸುತ್ತೇನೆ, ಮೂರು ಲಕ್ಷ ಸಿದ್ಧ ಮಾಡಿಕೊಳ್ಳಿ, ಎಂದು. ಅವನು ಅದನ್ನು "ದತ್ತಕದ ಖರ್ಚು" ಎಂದು ಕರೆದಿದ್ದ. ದಂಪತಿಗಳೂ ಹಾಗೆಂದೇ ನಂಬಿದ್ದರು. ಕಳ್ಳತನ ಮಾಡುವವರು ಸಂಘದ ಕಛೇರಿಗೆ ಬಂದು ಸಾಲ ಕೇಳುತ್ತಾರೆಯೇ?

ಒಂದು ವಾರ ಯಾರಿಗೂ ಮುಂಗಡ ಕೊಡಬೇಡಿ ಎಂದು ನಾವು ಅವರಿಂದ ಮಾತು ತೆಗೆದುಕೊಂಡೆವು. ಆಮೇಲೆ ನಮ್ಮವರೊಬ್ಬರು ಅವರ ಜೊತೆಗೇ ಚಿತ್ರದುರ್ಗಕ್ಕೆ ಹೋಗಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ ಬಂದರು. ಕಾಯಿದೆಯ ಪುಸ್ತಕಗಳನ್ನೂ ತಿರುವಿ ಹಾಕಿದೆವು. ಇಂಥದೇ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಯಾರನ್ನು ಕೇಳುವುದೆಂದು ತಿಳಿಯದೆ ಕುಳಿತಿರುವ ಸದಸ್ಯರು ಹೊಳಲ್ಕೆರೆ, ಹೊಸದುರ್ಗದ ಕಡೆಯೂ ಇರಬಹುದು, ಮಲೆನಾಡಿನ ಕಾಫಿ ತೋಟದ ಬಂಧುಗಳಲ್ಲಿಯೂ ಇರಬಹುದು ಎಂಬ ಕಾರಣಕ್ಕೆ ಇದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಆ ಮೂರು ಲಕ್ಷದ ಮಾತು. ಅದು ದತ್ತಕವಲ್ಲ, ಮಾರಾಟ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯ 17ನೆಯ ಕಲಮಿನಲ್ಲಿಯೇ, ದತ್ತು ಕೊಡುವುದಕ್ಕಾಗಲಿ ತೆಗೆದುಕೊಳ್ಳುವುದಕ್ಕಾಗಲಿ ಪ್ರತಿಫಲವಾಗಿ ಹಣ ಕೊಡಕೂಡದು, ಪಡೆಯಕೂಡದು ಎಂದಿದೆ. 2015ರ ಬಾಲನ್ಯಾಯ ಕಾಯಿದೆ ಇನ್ನೂ ಬಿಗಿಯಾದುದು. ಅದರ 81ನೆಯ ಕಲಮಿನಂತೆ ಮಗುವನ್ನು ಮಾರಿದವರಿಗೂ ಕೊಂಡವರಿಗೂ ಐದು ವರ್ಷದವರೆಗೆ ಕಠಿಣ ಸಜೆ ಮತ್ತು ಒಂದು ಲಕ್ಷ ರೂಪಾಯಿ ದಂಡ. ಆಸ್ಪತ್ರೆ, ಹೆರಿಗೆ ಮನೆಗಳ ಸಿಬ್ಬಂದಿ ಇದರಲ್ಲಿ ಸೇರಿದ್ದರೆ ಅವರಿಗೆ ಸಜೆ ಮೂರು ವರ್ಷಕ್ಕೆ ಕಡಿಮೆಯಿಲ್ಲ, ಏಳು ವರ್ಷದವರೆಗೂ ಹೋಗಬಹುದು. ಕೊಂಡವರಿಗೂ ಶಿಕ್ಷೆಯುಂಟು ಎಂಬುದನ್ನು ಸದಸ್ಯರು ಗಮನಿಸಬೇಕು. "ನಾವು ಕೂಸನ್ನು ಚೆನ್ನಾಗಿಯೇ ಸಾಕುತ್ತಿದ್ದೆವು" ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಸಜೆಯ ಮಾತು ಹಾಗಿರಲಿ. ವಿಷಯ ಹೊರಬಿದ್ದ ದಿನ ಆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯವರು ತಮ್ಮ ವಶಕ್ಕೆ ತೆಗೆದುಕೊಳ್ಳುತ್ತಾರೆ. ಎರಡು ವರ್ಷ ಎತ್ತಿ ಆಡಿಸಿದ ಕೂಸನ್ನು ಒಂದು ಬೆಳಿಗ್ಗೆ ಜೀಪಿಗೆ ಹತ್ತಿಸಿಕೊಟ್ಟು ನಿಲ್ಲುವುದು ಯಾವ ತಾಯಿಗೂ ಬೇಡ. ಹೊರಬೀಳದೆ ಇಪ್ಪತ್ತು ವರ್ಷ ಕಳೆಯಿತೆನ್ನೋಣ. ತೋಟದ ಖಾತೆ ಬದಲಾಯಿಸುವ ದಿನ ದಾಯಾದಿಯೊಬ್ಬ ಎದ್ದು, ಇವನು ಅವರ ಹೊಟ್ಟೆಯಲ್ಲಿ ಹುಟ್ಟಿದವನಲ್ಲ, ದತ್ತಕದ ಕಾಗದವೂ ಇಲ್ಲ ಎಂದು ತಕರಾರು ಹೂಡಿದರೆ, ಸುಳ್ಳು ಜನನ ಪತ್ರ ಹಿಡಿದು ಆ ಹುಡುಗ ಎಲ್ಲಿಗೆ ಹೋಗಬೇಕು?

ಬಡತನದ ಕಾರಣದಿಂದ ಹೀಗೆ ಕೈಬದಲಾದ ಮಗುವಿನ ಸಂಗತಿಯೊಂದು ನಮ್ಮ ರಾಜ್ಯದ ಉಚ್ಚ ನ್ಯಾಯಾಲಯದ ಮುಂದೆ ಬಂದು 2022ರಲ್ಲಿ ತೀರ್ಮಾನವಾಗಿದೆ. ಕರಾವಳಿಯ ಪ್ರಕರಣ. ಮಕ್ಕಳಿಲ್ಲದ ದಂಪತಿಗಳು, ಕಷ್ಟದಲ್ಲಿದ್ದ ಇನ್ನೊಂದು ದಂಪತಿಗಳ ಜೊತೆ, ಕೂಸು ಹುಟ್ಟುವುದಕ್ಕೆ ಕೆಲವೇ ದಿನ ಮೊದಲು, 2020ರ ಮಾರ್ಚಿಯಲ್ಲಿ ಕರಾರು ಬರೆದುಕೊಂಡಿದ್ದರು. ಇನ್ನೂ ಹುಟ್ಟದ ಮಗುವನ್ನು ದತ್ತು ಕೊಡುವ ಕರಾರನ್ನು ಯಾವ ಕಾನೂನೂ ಒಪ್ಪುವುದಿಲ್ಲವೆಂದು ನ್ಯಾಯಾಲಯ ಹೇಳಿತು. ಎರಡೂ ಕಡೆಯವರು ಒಪ್ಪಿದ್ದರು, ಛಾಪಾ ಕಾಗದವೂ ಇತ್ತು, ಆದರೂ ನಿಲ್ಲಲಿಲ್ಲ. ಪೇಟೆಯ ಪರಿಚಯಸ್ಥರು ಇಂಥ ಕಾಗದಗಳನ್ನೇ ತೋರಿಸಿ ನಂಬಿಸುವುದುಂಟು.

ಹಾಗಾದರೆ ನೇರ ದಾರಿಯಲ್ಲಿ ಎಷ್ಟು ಖರ್ಚು? ಚಿತ್ರದುರ್ಗದಿಂದ ಬಂದ ಲೆಕ್ಕ ನೋಡಿ ಆ ದಂಪತಿಗಳು ಎರಡು ಸಲ ಕೇಳಿದರು. ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ 2022ರ ನಿಯಮಾವಳಿಯಂತೆ, ನೋಂದಣಿ ಮತ್ತು ಮನೆ ಪರಿಶೀಲನಾ ವರದಿಗೆ 6,000 ರೂಪಾಯಿ. ಮಗುವನ್ನು ಅಲ್ಲಿಯವರೆಗೆ ಸಾಕಿದ ದತ್ತು ಸಂಸ್ಥೆಯ ಮಕ್ಕಳ ಪಾಲನಾ ನಿಧಿಗೆ 50,000 ರೂಪಾಯಿ. ಮಗು ಮನೆಗೆ ಬಂದ ಮೇಲೆ ಆರು ತಿಂಗಳಿಗೊಮ್ಮೆ ಎರಡು ವರ್ಷ, ಒಟ್ಟು ನಾಲ್ಕು ಸಲ ಬಂದು ನೋಡಿ ಹೋಗುವುದಕ್ಕೆ ತಲಾ 2,000 ರೂಪಾಯಿ. ಎಲ್ಲ ಕೂಡಿದರೆ 64,000. ಇದನ್ನು ಒಂದೇ ದಿನ ಕಟ್ಟುವುದೂ ಇಲ್ಲ. ಮೊದಲು ಆರು ಸಾವಿರ, ದೊಡ್ಡ ಮೊತ್ತ ಮಗು ಗೊತ್ತಾದ ಮೇಲೆ, ಉಳಿದದ್ದು ಅದರ ನಂತರದ ಎರಡು ವರ್ಷದಲ್ಲಿ. ಪ್ರತಿಯೊಂದಕ್ಕೂ ರಸೀದಿ ಕೇಳಿ ಪಡೆಯಬೇಕು. ದರಗಳು ಆಗಾಗ ಬದಲಾಗುವುದುಂಟಾದ್ದರಿಂದ ಅರ್ಜಿ ಹಾಕುವ ದಿನ ಮಕ್ಕಳ ರಕ್ಷಣಾ ಘಟಕದಲ್ಲಿಯೇ ಕೇಳಿ ಖಚಿತ ಮಾಡಿಕೊಳ್ಳುವುದು ಒಳ್ಳೆಯದು. ಹಿಂದೆ ದತ್ತಕದ ಆದೇಶಕ್ಕೆ ನ್ಯಾಯಾಲಯಕ್ಕೆ ಹೋಗಬೇಕಾಗಿತ್ತು, ವಕೀಲರ ಖರ್ಚೂ ಬೀಳುತ್ತಿತ್ತು. 2021ರ ತಿದ್ದುಪಡಿ 2022ರ ಸೆಪ್ಟೆಂಬರಿನಿಂದ ಜಾರಿಗೆ ಬಂದ ಮೇಲೆ ಆದೇಶ ಕೊಡುವವರು ಜಿಲ್ಲಾಧಿಕಾರಿಗಳು. ಅಲ್ಲಿಗೆ ಒಂದು ದೊಡ್ಡ ಖರ್ಚು ಉಳಿದಂತಾಯಿತು.

ಖರ್ಚಿಗಿಂತ ಬಿಗಿಯಾದದ್ದು ವಯಸ್ಸಿನ ಲೆಕ್ಕ. ಗಂಡ ಹೆಂಡಿರಿಬ್ಬರ ವಯಸ್ಸನ್ನೂ ಕೂಡಿಸುತ್ತಾರೆ. ಎರಡು ವರ್ಷದೊಳಗಿನ ಮಗು ಬೇಕಾದರೆ ಆ ಮೊತ್ತ 85 ಮೀರಕೂಡದು. ಎರಡರಿಂದ ನಾಲ್ಕು ವರ್ಷದ ಮಗುವಿಗೆ 90, ನಾಲ್ಕರಿಂದ ಎಂಟಕ್ಕೆ 100, ಅದಕ್ಕೆ ಮೇಲ್ಪಟ್ಟು 110. ನೋಂದಣಿ ಮಾಡಿಸಿದ ದಿನದ ವಯಸ್ಸೇ ಲೆಕ್ಕಕ್ಕೆ. ನಮ್ಮ ದಂಪತಿಗಳದು 45 ಮತ್ತು 38, ಒಟ್ಟು 83. ವರ್ಷಕ್ಕೊಂದಲ್ಲ, ಎರಡೆರಡು ಏರುವ ಲೆಕ್ಕವಿದು. ಇನ್ನೆರಡು ಕೊಯ್ಲು ಕಳೆಯಲಿ, ಕೈಯಲ್ಲಿ ಕಾಸಾಡಲಿ ಎಂದು ಕಾದಿದ್ದರೆ ಹಸುಗೂಸಿನ ಆಸೆಯನ್ನು ಬಿಡಬೇಕಾಗುತ್ತಿತ್ತು. ಮದುವೆಯಾಗಿ ಎರಡು ವರ್ಷವಾದರೂ ಆಗಿರಬೇಕು, ಇಬ್ಬರ ಒಪ್ಪಿಗೆಯೂ ಇರಬೇಕು, ಪ್ರಾಣಾಂತಕ ಕಾಯಿಲೆ ಇರಬಾರದು, ಸಾಕುವ ಶಕ್ತಿಯಿರಬೇಕು. ಇಷ್ಟು ಎಕರೆ ಇರಬೇಕೆಂದೇನೂ ಇಲ್ಲ. ಎರಡೂಕಾಲು ಎಕರೆಯವರು ಅಂಜಬೇಕಾಗಿಲ್ಲ.

ಅರ್ಜಿ ಕಂಪ್ಯೂಟರಿನಲ್ಲಿ ಹಾಕುವುದು. ಬಾರದವರಿಗೆ ಘಟಕದಲ್ಲಿ ನೆರವು ಕೇಳಬಹುದು. ಗಂಡಹೆಂಡಿರ ಭಾವಚಿತ್ರ, ಪಾನ್ ಕಾರ್ಡು, ವಯಸ್ಸಿನ ಮತ್ತು ವಾಸದ ದಾಖಲೆ, ವಿವಾಹ ನೋಂದಣಿ ಪತ್ರ, ಆದಾಯ ಪತ್ರ, ವೈದ್ಯರ ಪ್ರಮಾಣ ಪತ್ರ, ಇವು ಬೇಕು. ನಮ್ಮವರು ಸಿಕ್ಕಿಬಿದ್ದದ್ದು ವಿವಾಹ ನೋಂದಣಿಯಲ್ಲಿ. ಹದಿನೇಳು ವರ್ಷದ ಹಿಂದೆ ಊರ ಮುಂದಿನ ಚಪ್ಪರದಲ್ಲಿ ತಾಳಿ ಕಟ್ಟಿದವರು ಸಬ್ ರಿಜಿಸ್ಟ್ರಾರ್ ಕಛೇರಿಯ ಮೆಟ್ಟಿಲು ಹತ್ತಿದವರೇ ಅಲ್ಲ. ಹಳೆಯ ಲಗ್ನಪತ್ರಿಕೆ ಹುಡುಕಲು ಅಟ್ಟವನ್ನೆಲ್ಲ ಕೆದಕಬೇಕಾಯಿತು. ನಗು ಬಂದರೂ ಹೇಳುತ್ತೇವೆ, ಆ ಒಂದು ಕಾಗದಕ್ಕೆ ಮೂರು ವಾರ ಹಿಡಿಯಿತು.

ಮುಂದೆ ಕಾಯುವ ಕೆಲಸ. ಆರೋಗ್ಯವಂತ ಹಸುಗೂಸನ್ನು ಬಯಸುವವರ ಸಾಲು ದೊಡ್ಡದು, ಮೂರು ವರ್ಷಕ್ಕೂ ಹೆಚ್ಚು ಕಾಯಬೇಕಾಗಿ ಬರುತ್ತದೆ. ಇದನ್ನು ಕೇಳಿ ಅನೇಕರು ಎದೆಗುಂದಿ ಮತ್ತೆ ಪೇಟೆಯ ಪರಿಚಯಸ್ಥನ ಕಡೆಗೆ ಹೊರಳುತ್ತಾರೆ. ಅಡಿಕೆ ಸಸಿ ನೆಟ್ಟು ಆರೇಳು ವರ್ಷ ಕಾಯುವ ನಮಗೆ ಮೂರು ವರ್ಷ ದೊಡ್ಡದಲ್ಲ ಎಂದು ನಮ್ಮ ನಿರ್ದೇಶಕರೊಬ್ಬರು ಸಮಾಧಾನ ಹೇಳಲು ಹೋದರು. ಆಕೆ ಸಿಟ್ಟಾದರು. ಸಿಟ್ಟಾದದ್ದು ಸರಿಯೇ ಎಂದು ನಮಗೂ ಅನ್ನಿಸಿತು. ಹದಿನೇಳು ವರ್ಷ ಕಾದವರಿಗೆ ಹೇಳುವ ಮಾತಲ್ಲ ಅದು. ಸ್ವಲ್ಪ ದೊಡ್ಡ ಮಗುವನ್ನಾಗಲಿ, ವಿಶೇಷ ಆರೈಕೆ ಬೇಕಾದ ಮಗುವನ್ನಾಗಲಿ ಒಪ್ಪುವವರಿಗೆ ಅಷ್ಟು ಕಾಯುವಂತಿಲ್ಲ. ಒಂದು ಸೂಕ್ಷ್ಮ: ಮಗುವಿನ ವಿವರ ಬಂದ 48 ಗಂಟೆಗಳೊಳಗೆ ಅದನ್ನು ಕಾಯ್ದಿರಿಸಬೇಕು. ತೋಟದೊಳಗೆ ಸಿಗ್ನಲ್ ಸಿಗದ ನಾವು ನೋಂದಣಿಯಲ್ಲಿ ಕೊಟ್ಟ ಮೊಬೈಲ್ ನಂಬರನ್ನು ಬದಲಾಯಿಸಬಾರದು, ಪೇಟೆಯಲ್ಲಿರುವ ನಂಬಿಕೆಯವರೊಬ್ಬರಿಗೂ ವಿಷಯ ತಿಳಿಸಿಟ್ಟಿರಬೇಕು.

ಇಷ್ಟು ದಿನವೇಕೆ ಬೇಕು, ಅನಾಥ ಮಕ್ಕಳಿಗೇನು ಕೊರತೆ ಎಂದು ಕೇಳುವವರಿದ್ದಾರೆ. ಅನಾಥಾಲಯದಲ್ಲಿರುವ ಮಕ್ಕಳಲ್ಲಿ ಬಹಳ ಮಂದಿಗೆ ಎಲ್ಲೋ ಒಬ್ಬ ತಾಯಿ, ಒಬ್ಬ ಅಜ್ಜಿ ಇರುತ್ತಾರೆ. ಬಿಟ್ಟುಹೋದ ಮಗುವಾದರೆ ಹೆತ್ತವರನ್ನು ಹುಡುಕಿ, ಸಿಗದಿದ್ದಾಗ ಮಾತ್ರ ಕಲ್ಯಾಣ ಸಮಿತಿಯವರು ದತ್ತು ಕೊಡಬಹುದೆಂದು ಘೋಷಿಸಬೇಕು. ಎರಡು ವರ್ಷದೊಳಗಿನ ಮಗುವಿಗೆ ಎರಡು ತಿಂಗಳು, ದೊಡ್ಡ ಮಗುವಿಗೆ ನಾಲ್ಕು ತಿಂಗಳು ಎಂದು ಅದಕ್ಕೆ ಅವಧಿ ಗೊತ್ತುಮಾಡಲಾಗಿದೆ. ತಾಯಿಯೇ ಬಂದು ಒಪ್ಪಿಸಿದ ಮಗುವಾದರೆ, ಮನಸ್ಸು ಬದಲಾಯಿಸಲು ಆಕೆಗೆ ಎರಡು ತಿಂಗಳ ಅವಕಾಶವುಂಟು. ಈ ಕಟ್ಟುಗಳೆಲ್ಲ ಸುಮ್ಮನೆ ಬಂದವಲ್ಲ. ನಮ್ಮ ಮಕ್ಕಳನ್ನು ವಿದೇಶಕ್ಕೆ ದತ್ತು ಕಳುಹಿಸುವಲ್ಲಿ ಅಕ್ರಮ ನಡೆಯುತ್ತಿದೆಯೆಂದು ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಬರೆದ ಪತ್ರವನ್ನೇ ಅರ್ಜಿಯೆಂದು ತೆಗೆದುಕೊಂಡು ಸರ್ವೋಚ್ಚ ನ್ಯಾಯಾಲಯ 1984ರಲ್ಲಿ ತೀರ್ಪು ಕೊಟ್ಟ ಮೇಲೆ ಒಂದೊಂದಾಗಿ ಬಂದವು.

ಪೇಟೆಯ ಆ ಬಡ ಹೆಂಗಸನ್ನೂ ಮರೆಯುವಂತಿಲ್ಲ. ಮೂರು ಲಕ್ಷದಲ್ಲಿ ಆಕೆಯ ಕೈಗೆ ಎಷ್ಟು ಸಿಗುತ್ತಿತ್ತೋ ದೇವರೇ ಬಲ್ಲ. ಸಾಕಲಾರದ ತಾಯಿ ಕಲ್ಯಾಣ ಸಮಿತಿಯ ಮುಂದೆ ಬಂದು ಒಪ್ಪಿಸಿದರೆ ಅದು ಅಪರಾಧವಲ್ಲ. ಸಾಕುವ ಮನಸ್ಸಿದ್ದು ಶಕ್ತಿಯಿಲ್ಲದ ತಾಯಂದಿರಿಗೆ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಲ್ಲಿ, ನಿಯಮಗಳಿಗೆ ಒಳಪಟ್ಟು, ಮಗುವೊಂದಕ್ಕೆ ತಿಂಗಳಿಗೆ 4,000 ರೂಪಾಯಿ ನೆರವುಂಟು. ನಮ್ಮ ತೋಟಗಳಿಗೆ ಅಡಿಕೆ ಸುಲಿಯಲು ಬರುವ ಹೆಂಗಸರಲ್ಲಿ ಇಂಥ ಕಷ್ಟದವರು ಕಂಡರೆ ಈ ಸಂಗತಿ ತಿಳಿಸಿ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಅದಕ್ಕೆ ಕಾಸು ಬೀಳುವುದಿಲ್ಲ.

ಇನ್ನು ಬಳಗದೊಳಗಿನ ದತ್ತು. ನಮ್ಮ ಹಳ್ಳಿಗಳಲ್ಲಿ ಹೆಚ್ಚಾಗಿ ನಡೆಯುವುದು ಇದೇ: ಅಣ್ಣನ ಮಗನನ್ನೋ ತಂಗಿಯ ಮಗಳನ್ನೋ ತಂದು ಸಾಕುವುದು. ಹಿಂದೂಗಳಿಗೆ ಇದು 1956ರ ಕಾಯಿದೆಯಂತೆ ನಡೆಯುತ್ತದೆ, ಮೇಲಿನ ಸಾಲೂ ಇಲ್ಲ, ಕಾಯುವುದೂ ಇಲ್ಲ. ಮಗುವಿಗೆ ಹದಿನೈದು ತುಂಬಿರಬಾರದು. ಗಂಡು ಮಗನಿದ್ದವರು ಇನ್ನೊಬ್ಬ ಮಗನನ್ನು, ಮಗಳಿದ್ದವರು ಇನ್ನೊಬ್ಬ ಮಗಳನ್ನು ತೆಗೆದುಕೊಳ್ಳುವಂತಿಲ್ಲ. ದತ್ತಹೋಮ ಕಡ್ಡಾಯವಲ್ಲ. ಕೊಡುವವರು ಕೊಟ್ಟು ತೆಗೆದುಕೊಳ್ಳುವವರು ತೆಗೆದುಕೊಂಡದ್ದು ಮಾತ್ರ ನಿಜವಾಗಿ ನಡೆದಿರಬೇಕು. ಎರಡೂ ಕಡೆಯವರ ರುಜುವಿರುವ ದತ್ತಕ ಪತ್ರವನ್ನು ನೋಂದಣಿ ಮಾಡಿಸಿದ್ದರೆ, ದತ್ತಕ ಸರಿಯಾಗಿ ನಡೆದಿದೆ ಎಂದೇ ನ್ಯಾಯಾಲಯ ಮೊದಲಿಗೆ ಭಾವಿಸುತ್ತದೆ. ಅಲ್ಲವೆಂದು ಸಾಧಿಸುವ ಹೊಣೆ ತಕರಾರು ತೆಗೆದವನದು. ಛಾಪಾ ಶುಲ್ಕ 500 ಇದ್ದದ್ದು 2023ರ ತಿದ್ದುಪಡಿಯಿಂದ 1,000 ರೂಪಾಯಿ ಆಗಿದೆ. ಈ ಸಾವಿರ ಉಳಿಸಲು ಹೋಗಿ ಮುಂದಿನ ತಲೆಮಾರನ್ನು ಸಿವಿಲ್ ಕೋರ್ಟಿಗೆ ಅಲೆಸಿದವರನ್ನು ನಾವು ಕಂಡಿದ್ದೇವೆ. "ನಮ್ಮ ಹುಡುಗನೇ, ಕಾಗದ ಯಾಕೆ" ಎನ್ನುವವರೇ ಹೆಚ್ಚು.

ಅಣ್ಣತಮ್ಮಂದಿರ ಮನಸ್ಸಿನಲ್ಲಿರುವ ಅಂಜಿಕೆಯೂ ನಮಗೆ ಗೊತ್ತು. ದತ್ತು ಬಂದವನು ತೋಟವೆಲ್ಲ ಬರೆಸಿಕೊಂಡರೆ? ದತ್ತು ಮಗುವಿಗೆ ಹೆತ್ತ ಮಗುವಿಗಿರುವ ಹಕ್ಕೇ ಇದೆ, ಹೆಚ್ಚಿಲ್ಲ, ಕಡಿಮೆಯಿಲ್ಲ. ಈಗಾಗಲೇ ಪಾಲಾಗಿ ಬೇರೆಯವರ ಕೈ ಸೇರಿದ ಆಸ್ತಿಯನ್ನು ದತ್ತಕದಿಂದ ಕಿತ್ತುಕೊಳ್ಳಲಾಗದು. ಹುಟ್ಟಿದ ಮನೆಯಲ್ಲಿ ಅದರ ಹೆಸರಿಗೆ ಮೊದಲೇ ಬಂದ ಆಸ್ತಿ ಅದರದೇ ಆಗಿ ಉಳಿಯುತ್ತದೆ. ಸಾಕಿದ ತಂದೆತಾಯಿ ತಮ್ಮ ಸ್ವಯಾರ್ಜಿತವನ್ನು ಮಾರಲು, ಉಯಿಲು ಬರೆಯಲು ಅಡ್ಡಿಯಿಲ್ಲ. ಆದರೆ ಸರಿಯಾಗಿ ನಡೆದ ದತ್ತಕವನ್ನು ಆಮೇಲೆ ರದ್ದು ಮಾಡಲಾಗದು. ಮುಸಲ್ಮಾನ, ಕ್ರೈಸ್ತ ಸದಸ್ಯರು ತಮಗೆ ದತ್ತಕವೇ ಇಲ್ಲವೆಂದುಕೊಂಡಿರುವುದುಂಟು. ಬಾಲನ್ಯಾಯ ಕಾಯಿದೆಯ ದಾರಿ ಎಲ್ಲ ಮತದವರಿಗೂ ತೆರೆದಿದೆಯೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಸ್ಪಷ್ಟಪಡಿಸಿದೆ.

ಕಾನೂನಿಗಿಂತ ಊರಿನ ಬಾಯಿ ದೊಡ್ಡದು. "ಯಾವ ಬೀಜವೋ ಏನೋ" ಎಂಬ ಮಾತನ್ನು ಆ ದಂಪತಿಗಳು ಆಗಲೇ ಒಂದೆರಡು ಕಡೆ ಕೇಳಿಸಿಕೊಂಡಿದ್ದರು. ಹಾಗೆ ಆಡುವವರು ನಮ್ಮ ಅಣೆಕಟ್ಟೆಯ ಹೆಸರನ್ನಾದರೂ ನೆನೆಯಬಹುದಾಗಿತ್ತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟಕ್ಕೆ ಮಗನಿರಲಿಲ್ಲ. ಬೆಟ್ಟದಕೋಟೆ ಅರಸು ಮನೆತನದಲ್ಲಿ 1863ರಲ್ಲಿ ಹುಟ್ಟಿದ ಕೂಸನ್ನು 1865ರಲ್ಲಿ ದತ್ತು ತೆಗೆದುಕೊಂಡರು. ಇಂಗ್ಲಿಷರು ಅದನ್ನು ಮೊದಲು ಒಪ್ಪಲಿಲ್ಲ, 1867ರಲ್ಲಿ ಒಪ್ಪಿದರು, ಮರುವರ್ಷ ಮುಮ್ಮಡಿಯವರು ತೀರಿಕೊಂಡರು. ಆ ದತ್ತುಪುತ್ರರೇ ಚಾಮರಾಜೇಂದ್ರ ಒಡೆಯರು. 1881ರಲ್ಲಿ ರಾಜ್ಯ ಮರಳಿ ಒಡೆಯರ ಕೈಗೆ ಬಂದದ್ದು ಅವರ ಮೂಲಕ. ಅವರು 1894ರಲ್ಲಿ ಕಲ್ಕತ್ತೆಯಲ್ಲಿ ಅಕಾಲದಲ್ಲಿ ತೀರಿಕೊಂಡಾಗ ಮಗ ಇನ್ನೂ ಬಾಲಕ. ರಾಜ್ಯದ ಆಡಳಿತ ವಹಿಸಿಕೊಂಡ ಅವರ ಪತ್ನಿಯೇ ವಾಣಿ ವಿಲಾಸ ಸನ್ನಿಧಾನದವರು. ಅವರ ಕಾಲದಲ್ಲಿ, 1898ರಲ್ಲಿ, ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯ ಕಟ್ಟೆ ಶುರುವಾಗಿ 1907ಕ್ಕೆ ಮುಗಿಯಿತು. 1933ರಲ್ಲಿ ಕೋಡಿ ಬಿದ್ದ ಮೇಲೆ 2022ರಲ್ಲಿ ಮತ್ತೆ ಕೋಡಿ ಹರಿದಾಗ ಬಾಗಿನ, ಪೂಜೆ ಎಂದು ನಾವೆಲ್ಲ ಓಡಿದೆವಲ್ಲ, ಆ ವಾಣಿ ವಿಲಾಸ ಸಾಗರ ದತ್ತು ಮಗನ ಮನೆಯವರ ಹೆಸರಿನದು. ದುರ್ಗದ ಕೊನೆಯ ಮದಕರಿ ನಾಯಕನೂ ನೇರ ಪೀಳಿಗೆಯವನಲ್ಲ. ಪಟ್ಟಕ್ಕೆ ಮಕ್ಕಳಿಲ್ಲದೆ 1754ರಲ್ಲಿ ಹೊಸದುರ್ಗ ಕಡೆಯ ಜಾನಕಲ್ಲಿನಿಂದ ಕರೆತಂದ ಹುಡುಗ. ಕಿತ್ತೂರಿನಲ್ಲಿ ದತ್ತಕವನ್ನು ಒಪ್ಪುವುದಿಲ್ಲವೆಂದ ಥ್ಯಾಕರೆಗೆ 1824ರ ಅಕ್ಟೋಬರಿನಲ್ಲಿ ಏನಾಯಿತೆಂಬುದು ಶಾಲೆಯ ಮಕ್ಕಳಿಗೂ ಗೊತ್ತು.

ಈಗ ನಮ್ಮ ಸಂಘದ ಮಾತು. ಬೆಳೆ ಸಾಲವನ್ನು ಈ ಕೆಲಸಕ್ಕೆ ತಿರುಗಿಸುವುದು ಸಲ್ಲದು. ತೋಟಕ್ಕೆಂದು ಪಡೆದ ಸಾಲ ತೋಟಕ್ಕೇ ಸೇರಬೇಕು. ಮುಂದಿನ ಫಸಲನ್ನು ಅಗ್ಗಕ್ಕೆ ಖೇಣಿಗೆ ಬರೆದುಕೊಡುವುದನ್ನಂತೂ ಯಾರೂ ಮಾಡಬಾರದು. ಒಣಗಿಸಿದ ಅಡಿಕೆ ಇದ್ದವರು ಭೀಮಸಮುದ್ರದ ಮಂಡಿಗೆ ಅವಸರದಲ್ಲಿ ಒಯ್ಯುವ ಬದಲು ಗೋದಾಮಿನಲ್ಲಿಟ್ಟು ಅದರ ಮೇಲೆ ಅಡಮಾನ ಸಾಲ ಪಡೆಯಬಹುದು. ನಮ್ಮ ದಂಪತಿಗಳು ಮಾಡಿದ್ದು ಇದನ್ನೇ. ಮೊದಲ ಆರು ಸಾವಿರಕ್ಕೆ ಅದೂ ಬೇಕಾಗಲಿಲ್ಲ. ಉಳಿದದ್ದಕ್ಕೆ ಈಗಿನಿಂದಲೇ ಸಂಘದಲ್ಲಿ ತಿಂಗಳಿಗೆ 1,500 ರೂಪಾಯಿಯ ಸಂಚಯ ಠೇವಣಿ ಹಾಕಿದ್ದಾರೆ. ಮೂರು ವರ್ಷ ಕಾಯುವುದಾದರೆ ಅಸಲೇ 54,000 ಆಗುತ್ತದೆ.

ಆದರೂ ಒಂದು ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಸದಸ್ಯರ ಮನೆಯ ಹೆರಿಗೆಗೆ, ಆಪರೇಷನ್ನಿಗೆ ಕಲ್ಯಾಣ ನಿಧಿಯಿಂದ ಕೈಗಡ ಕೊಡುವ ಸಂಘಗಳಿವೆ. ದತ್ತಕವೂ ಒಂದು ಹೆರಿಗೆಯೇ, ಅದಕ್ಕೆ ಯಾಕೆ ಕೊಡಬಾರದು? ಇದು ಭಾರಿ ಹೊರೆಯೇನಲ್ಲ. ವರ್ಷಕ್ಕೆ ಒಬ್ಬರೋ ಇಬ್ಬರೋ ಬಂದಾರು. ಹಣವನ್ನು ದತ್ತು ಸಂಸ್ಥೆಯ ರಸೀದಿ ನೋಡಿಯೇ ಕೊಡುವುದೆಂದು ಕಟ್ಟು ಹಾಕಿದರೆ ಮಧ್ಯವರ್ತಿಗಳಿಗೆ ಅಲ್ಲಿ ಜಾಗವಿರುವುದಿಲ್ಲ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯವನ್ನು ಪ್ರಸ್ತಾಪಿಸಬೇಕೆಂದಿದ್ದೇವೆ. ಒಪ್ಪದವರು ಅಲ್ಲಿಯೇ ಎದ್ದು ಹೇಳಲಿ.

ಮನೆ ಪರಿಶೀಲನೆಗೆ ಮೊನ್ನೆ ಸಮಾಜ ಕಾರ್ಯಕರ್ತೆಯೊಬ್ಬರು ಬಂದು ಹೋದರಂತೆ. ಮನೆಗೆ ಸುಣ್ಣ ಬಳಿಸಿ, ಸಂಬಂಧಿಕರಿಂದ ಕುರ್ಚಿ ತಂದು ಹಾಕಿ, ಒಬ್ಬಟ್ಟು ಮಾಡಿ ಕಾದಿದ್ದರು. ಆಕೆ ಒಬ್ಬಟ್ಟು ಬೇಡವೆಂದು ನೀರು ಮಾತ್ರ ಕುಡಿದರು. ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಮಾತಾಡಿಸಿದರು, ಯಜಮಾನರ ವೃದ್ಧ ತಾಯಿಯನ್ನೂ ಕೇಳಿದರು. ಹೆಣ್ಣು ಮಗು ಬಂದರೆ ಎಂದು ಕೇಳಿದ್ದಕ್ಕೆ ಅಜ್ಜಿ, ಹೆಣ್ಣಾದರೇನು ಗಂಡಾದರೇನು, ನಾನು ಕಣ್ಣು ಮುಚ್ಚುವುದರೊಳಗೆ ಬರಲಿ ಎಂದರಂತೆ. ಆಮೇಲೆ ಸುಣ್ಣದ ಗೋಡೆಯನ್ನಾಗಲಿ ಕುರ್ಚಿಯನ್ನಾಗಲಿ ನೋಡದೆ ಹಿತ್ತಲಿಗೆ ಹೋಗಿ, ತೆರೆದ ಬಾವಿಯ ಮುಂದೆ ನಿಂತು, ಇದಕ್ಕೆ ಕಟ್ಟೆ ಯಾಕಿಲ್ಲ ಎಂದು ವಿಚಾರಿಸಿದರು.

ಕಳೆದ ವಾರ ಆ ಯಜಮಾನರು ಸಂಘಕ್ಕೆ ಬಂದಿದ್ದರು. ಹನ್ನೆರಡು ಚೀಲ ಸಿಮೆಂಟು ಬೇಕಾಗಿತ್ತು.